ಪರಿಸರ ಮಾಹಿತಿ: ದೇಶದಿಂದ ದೇಶಕ್ಕೆ



ದೂರದರ್ಶನದಲ್ಲಿ ಕೆಲಸ ಮಾಡುವವರಿಗೆ ಒಂದು ತೊಡಕು ಇದೆ. ಹುಲಿಯನ್ನು ತೋರಿಸಬಹುದು, ಒಣಗಿದ ಕೆರೆಯನ್ನು ತೋರಿಸಬಹುದು, ಹೊಗೆ ಕಾರುವ ಚಿಮಣಿಯನ್ನಂತೂ ಬೇಕಾದಷ್ಟು ತೋರಿಸಬಹುದು. ಆದರೆ ಮಾಹಿತಿಯನ್ನು ತೋರಿಸುವುದು ಹೇಗೆ? ದತ್ತಸಂಚಯ ಎಂದರೆ ಅಂಕಿಗಳ ಉದ್ದುದ್ದ ಸಾಲುಗಳು. ಅದರ ಮುಂದೆ ಕ್ಯಾಮೆರಾ ಇಟ್ಟರೆ ವೀಕ್ಷಕರು ಎದ್ದು ಕಾಫಿಗೆ ಹೋಗುತ್ತಾರೆ. ಆದ್ದರಿಂದ ಇಂದು ಆ ಅಂಕಿಗಳ ಹಿಂದಿನ ಒಂದು ಕಥೆಯನ್ನು ಹೇಳುತ್ತೇನೆ.

ನಾನು ಬಿ.ಎಸ್ಸಿ. ಓದುತ್ತಿದ್ದಾಗ ಓಜೋನ್ ಪದರದ ಬಗ್ಗೆ ಸೆಮಿನಾರ್ ಕೊಡಬೇಕಾಗಿತ್ತು. ಅಂಟಾರ್ಕ್ಟಿಕಾದ ಮೇಲೆ ಓಜೋನ್ ಕುಸಿದಿದೆ ಎಂದು ಮೊದಲು ಸಾರಿದ ಪ್ರಬಂಧ 1985ರ ಮೇ ತಿಂಗಳ 'ನೇಚರ್' ಪತ್ರಿಕೆಯಲ್ಲಿತ್ತು. ನಮ್ಮ ಕಾಲೇಜಿಗೆ ಆ ಪತ್ರಿಕೆ ಬರುತ್ತಿರಲಿಲ್ಲ. ಗ್ರಂಥಪಾಲಕರು ದೊಡ್ಡ ಗ್ರಂಥಾಲಯವೊಂದಕ್ಕೆ ಪತ್ರ ಬರೆದರು. ಐದು ವಾರಗಳ ಮೇಲೆ ಜೆರಾಕ್ಸ್ ಪ್ರತಿ ಬಂತು. ಬಂದದ್ದರಲ್ಲಿ ಒಂದು ಪುಟ ಇರಲಿಲ್ಲ, ಮುಖ್ಯವಾದ ನಕ್ಷೆ ಇದ್ದ ಪುಟ! ಸೆಮಿನಾರ್ ಹೇಗೋ ಮುಗಿಯಿತು. ಆದರೆ ಆ ಪುಟ ಮಾತ್ರ ತಲೆಯಲ್ಲಿ ಉಳಿದುಬಿಟ್ಟಿತು.

ಈಗ ಕಥೆಗೆ ಬರೋಣ. ನೆಲದ ಮೇಲೆ ನಿಂತು ಆಕಾಶದ ಓಜೋನನ್ನು ಅಳೆಯುವ ಉಪಕರಣವನ್ನು 1920ರ ದಶಕದಲ್ಲಿ ರೂಪಿಸಿದವರು ಆಕ್ಸ್‌ಫರ್ಡ್‌ನ ಗಾರ್ಡನ್ ಡಾಬ್ಸನ್. ಸೂರ್ಯನ ಬೆಳಕಿನಲ್ಲಿರುವ ನೇರಳಾತೀತ ಕಿರಣಗಳಲ್ಲಿ ಓಜೋನ್ ಹೆಚ್ಚು ಹೀರುವ ಒಂದನ್ನೂ ಕಡಿಮೆ ಹೀರುವ ಇನ್ನೊಂದನ್ನೂ ಅದು ಹೋಲಿಸಿ ನೋಡುತ್ತದೆ. ಅಳತೆಯ ಮಾನಕ್ಕೂ ಅವರದೇ ಹೆಸರು. ನಮ್ಮ ತಲೆಯ ಮೇಲಿನ ಓಜೋನನ್ನೆಲ್ಲ ನೆಲಕ್ಕೆ ಇಳಿಸಿ, ಸೊನ್ನೆ ಡಿಗ್ರಿ ಉಷ್ಣತೆಯಲ್ಲಿ ಸಾಮಾನ್ಯ ಒತ್ತಡದಲ್ಲಿ ಹರಡಿದರೆ ಅದು ಸುಮಾರು 3 ಮಿಲಿಮೀಟರ್ ದಪ್ಪವಾದೀತು. ಅದೇ 300 ಡಾಬ್ಸನ್. ಇಷ್ಟು ತೆಳುವಾದ ಹೊದಿಕೆ ನಮ್ಮನ್ನು ಕಾಯುತ್ತಿದೆ.

1957-58 ಅಂತರರಾಷ್ಟ್ರೀಯ ಭೂಭೌತ ವರ್ಷ. ಶೀತಲ ಸಮರದ ಆ ದಿನಗಳಲ್ಲಿ ಅಮೆರಿಕ, ಸೋವಿಯತ್ ಒಕ್ಕೂಟಗಳೂ ಸೇರಿ ಹಲವಾರು ರಾಷ್ಟ್ರಗಳು ಭೂಮಿಯ ಅಳತೆಗಳನ್ನು ಪರಸ್ಪರ ಹಂಚಿಕೊಳ್ಳಲು ಒಪ್ಪಿದವು. ವಿಶ್ವ ದತ್ತಾಂಶ ಕೇಂದ್ರಗಳು ಹುಟ್ಟಿದ್ದು ಆಗಲೇ. ಓಜೋನ್ ಅಂಕಿಗಳಿಗಾಗಿ ಕೆನಡಾದ ಟೊರಾಂಟೊದಲ್ಲಿ ಒಂದು ಕೇಂದ್ರ 1960ರಲ್ಲಿ ಆರಂಭವಾಯಿತು. ನಮ್ಮ ಕೊಡೈಕನಾಲ್‌ನಲ್ಲಿಯೂ ಡಾಬ್ಸನ್ ಉಪಕರಣ ಇತ್ತು. ಭಾರತದ ಓಜೋನ್ ಅಧ್ಯಯನಕ್ಕೆ ಅಡಿಪಾಯ ಹಾಕಿದವರಲ್ಲಿ ಪ್ರಮುಖರು ಅನ್ನಾ ಮಣಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ.ವಿ. ರಾಮನ್ ಅವರ ಬಳಿ ವಜ್ರಗಳ ಮೇಲೆ ಸಂಶೋಧನೆ ಮಾಡಿದ ಅವರು ಮುಂದೆ ಹವಾಮಾನ ಇಲಾಖೆ ಸೇರಿ, ಬಲೂನಿನಲ್ಲಿ ಹಾರಿಬಿಡುವ ಓಜೋನ್ ಮಾಪಕವನ್ನು ನಮ್ಮ ದೇಶದಲ್ಲೇ ತಯಾರಿಸುವ ಕೆಲಸವನ್ನು ಮುನ್ನಡೆಸಿದರು. ಉಪಕರಣಗಳ ನಿಖರತೆಯ ವಿಷಯದಲ್ಲಿ ಅವರು ಬಹಳ ಕಟ್ಟುನಿಟ್ಟು. ಅದಕ್ಕೆ ಕಾರಣವೂ ಇತ್ತು. ಎರಡು ದೇಶಗಳ ಅಂಕಿಗಳನ್ನು ಒಂದೇ ಪಟ್ಟಿಯಲ್ಲಿ ಬರೆಯಬೇಕಾದರೆ ಎರಡೂ ತಕ್ಕಡಿಗಳು ಒಂದೇ ತೂಕ ಹೇಳಬೇಕು. ಜಗತ್ತಿನ ಡಾಬ್ಸನ್ ಉಪಕರಣಗಳನ್ನೆಲ್ಲ ಸರಿಹೊಂದಿಸಲು ಆಧಾರವಾದ ಮೂಲ ಮಾದರಿ, 83ನೆಯ ಸಂಖ್ಯೆಯದು, ಅಮೆರಿಕದ ಬೌಲ್ಡರ್ ನಗರದಲ್ಲಿದೆ.

ಬ್ರಿಟಿಷರ ಹ್ಯಾಲಿ ಕೇಂದ್ರ ಅಂಟಾರ್ಕ್ಟಿಕಾದ ಹಿಮದ ಮೇಲಿತ್ತು. ಅಲ್ಲಿಯ ವಾಚನಗಳು ಕೈಬರಹದ ಹಾಳೆಗಳಾಗಿ ಹಡಗಿನಲ್ಲಿ ಇಂಗ್ಲೆಂಡಿಗೆ ಬರುತ್ತಿದ್ದವು. ಬಂದು ರಾಶಿ ಬೀಳುತ್ತಿದ್ದವು. 1980ರ ದಶಕದ ಆರಂಭದಲ್ಲಿ ಆ ರಾಶಿಯನ್ನು ಗಣಕಯಂತ್ರಕ್ಕೆ ಏರಿಸುವ ಕೆಲಸ ಜೊನಾಥನ್ ಶಾಂಕ್ಲಿನ್ ಎಂಬ ಯುವಕನ ಪಾಲಿಗೆ ಬಂತು. ಬೇಸರದ ಕೆಲಸವೇ ಸರಿ. ಆದರೆ ಹಳೆಯ, ಹೊಸ ಅಂಕಿಗಳು ಒಂದೆಡೆ ಸೇರಿದಾಗ ಅಕ್ಟೋಬರ್ ತಿಂಗಳ ಓಜೋನ್ ಸರಾಸರಿ ಹಿಂದಿನ 300ರ ಮಟ್ಟದಿಂದ 200ರ ಆಸುಪಾಸಿಗೆ ಇಳಿದದ್ದು ಕಂಡಿತು. ಜೋಸೆಫ್ ಫಾರ್ಮನ್, ಬ್ರಿಯಾನ್ ಗಾರ್ಡಿನರ್ ಮತ್ತು ಶಾಂಕ್ಲಿನ್ ಸೇರಿ ಬರೆದದ್ದೇ ನಾನು ಹುಡುಕುತ್ತಿದ್ದ ಪ್ರಬಂಧ.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಬೇರೆ ಯಾರಿಗೂ ಇದು ಕಂಡಿರಲಿಲ್ಲವೆ? ಕಂಡಿತ್ತು. ಜಪಾನಿನ ಶೋವಾ ಕೇಂದ್ರದಲ್ಲಿ 1982ರಲ್ಲಿ ಶಿಗೆರು ಚುಬಾಚಿ ಅವರು ಅಸಹಜವಾಗಿ ಕಡಿಮೆ ಅಂಕಿಗಳನ್ನು ದಾಖಲಿಸಿದ್ದರು. 1984ರಲ್ಲಿ ಗ್ರೀಸ್ ದೇಶದ ಸಮ್ಮೇಳನವೊಂದರಲ್ಲಿ ಅದನ್ನು ಮಂಡಿಸಿಯೂ ಇದ್ದರು. ಯಾರೂ ಹೆಚ್ಚು ಗಮನ ಕೊಡಲಿಲ್ಲ. 1978ರಿಂದ ಮೇಲೆ ಸುತ್ತುತ್ತಿದ್ದ ಅಮೆರಿಕದ ನಿಂಬಸ್-7 ಉಪಗ್ರಹಕ್ಕೂ ಅದು ಕಂಡಿತ್ತು. ಆ ಅಂಕಿಗಳನ್ನು ಗಣಕಯಂತ್ರ ಎಸೆದುಬಿಟ್ಟಿತು ಎಂಬ ಕಥೆಯನ್ನು ನೀವು ಓದಿರಬಹುದು. ಅದು ಪೂರ್ತಿ ನಿಜವಲ್ಲ. 180ಕ್ಕಿಂತ ಕಡಿಮೆಯ ಅಂಕಿಗಳ ಮೇಲೆ ಗಣಕಯಂತ್ರ 'ಸಂಶಯಾಸ್ಪದ' ಎಂಬ ಗುರುತು ಹಾಕಿತ್ತು, ಅಷ್ಟೆ. ವಿಜ್ಞಾನಿಗಳು ಅವನ್ನು ನೋಡಿ, ನೆಲದ ಮೇಲಿನ ಅಳತೆಯೊಡನೆ ತಾಳೆ ಹಾಕಲು ಹೋದರು. ದಕ್ಷಿಣ ಧ್ರುವದ ಕೇಂದ್ರದಿಂದ ಬಂದಿದ್ದ ಅಂಕಿಗಳು 300ರಷ್ಟಿದ್ದವು. ಉಪಗ್ರಹವೇ ತಪ್ಪಿರಬೇಕು ಎಂಬ ಅನುಮಾನ ಬಂತು. ವಾಸ್ತವವಾಗಿ ತಪ್ಪಿದ್ದದ್ದು ದಕ್ಷಿಣ ಧ್ರುವದ ಅಳತೆ! ಒಂದು ಕಡೆಯ ತಪ್ಪು ನಮೂದು ಇನ್ನೊಂದು ಕಡೆಯ ಸತ್ಯವನ್ನು ತಡೆದು ನಿಲ್ಲಿಸಿತ್ತು. 1985ರ ಆಗಸ್ಟ್‌ನಲ್ಲಿ, ಪ್ರಾಗ್ ನಗರದ ಸಭೆಯಲ್ಲಿ, ಉಪಗ್ರಹದ ಚಿತ್ರವನ್ನು ತೋರಿಸಿದವರು ಭಾರತೀಯ ಮೂಲದ ವಿಜ್ಞಾನಿ ಪಿ.ಕೆ. ಭಾರ್ತಿಯಾ. ರಂಧ್ರ ಇಡೀ ಖಂಡದಷ್ಟು ದೊಡ್ಡದಾಗಿತ್ತು.

ಅಂದರೆ ಮೂರು ದೇಶಗಳ ಕಪಾಟುಗಳಲ್ಲಿ ಒಂದೇ ಸುದ್ದಿ ಬೇರೆ ಬೇರೆಯಾಗಿ ಕುಳಿತಿತ್ತು. ಒಟ್ಟಿಗೆ ಸೇರಿದ ಮೇಲೆ ಕೆಲಸ ಬೇಗ ನಡೆಯಿತು. 1987ರ ಸೆಪ್ಟೆಂಬರ್ 16ರಂದು ಮಾಂಟ್ರಿಯಲ್ ಒಪ್ಪಂದಕ್ಕೆ ಸಹಿ ಬಿತ್ತು. 1992ರಲ್ಲಿ ಭಾರತವೂ ಸೇರಿತು.

ಒಪ್ಪಂದ ಮುರಿದರೆ ಗೊತ್ತಾಗುವುದು ಹೇಗೆ? ಅದಕ್ಕೂ ಅಂಕಿಗಳೇ ಬೇಕು. ಸಿ.ಎಫ್.ಸಿ.-11 ಎಂಬ ಅನಿಲದ ಉತ್ಪಾದನೆ 2010ರ ಹೊತ್ತಿಗೆ ಜಗತ್ತಿನಲ್ಲೆಲ್ಲ ನಿಂತಿರಬೇಕಾಗಿತ್ತು. ಆದರೆ ವಾತಾವರಣದಲ್ಲಿ ಅದು ಇಳಿಯಬೇಕಾದ ವೇಗದಲ್ಲಿ ಇಳಿಯುತ್ತಿಲ್ಲ ಎಂದು 2018ರಲ್ಲಿ ವಿಜ್ಞಾನಿಗಳು ಪ್ರಕಟಿಸಿದರು. ಎಲ್ಲೋ ಯಾರೋ ಕದ್ದು ತಯಾರಿಸುತ್ತಿದ್ದರು. ದಕ್ಷಿಣ ಕೊರಿಯಾದ ಜೇಜು ದ್ವೀಪದ ಗೋಸಾನ್ ಮತ್ತು ಜಪಾನಿನ ಹತೆರುಮ ದ್ವೀಪದ ಕೇಂದ್ರಗಳ ಅಂಕಿಗಳನ್ನು ಗಾಳಿಯ ದಿಕ್ಕಿನ ಲೆಕ್ಕದೊಡನೆ ಸೇರಿಸಿ ನೋಡಿದಾಗ, 2019ರಲ್ಲಿ, ಬೆರಳು ಪೂರ್ವ ಚೀನಾದ ಕಡೆ ತೋರಿತು. 2021ರ ಹೊತ್ತಿಗೆ ಆ ಅನಿಲ ಮತ್ತೆ ಇಳಿದದ್ದು ಖಚಿತವಾಯಿತು. ಪೊಲೀಸರ ನಾಯಿ ವಾಸನೆ ಹಿಡಿದು ಹೋದಂತೆ, ಇಲ್ಲಿ ಎರಡು ದ್ವೀಪಗಳು ವಾಸನೆ ಹಿಡಿದವು.

ಎಲ್ಲ ವಿಷಯದಲ್ಲೂ ದೇಶಗಳು ಹೀಗೆ ಕೈ ಬಿಚ್ಚುವುದಿಲ್ಲ. ನದಿಗಳನ್ನು ನೋಡಿ. 2004ರಲ್ಲಿ ಟಿಬೆಟ್ಟಿನ ಪಾರೇಚು ನದಿಗೆ ಗುಡ್ಡ ಕುಸಿದು ಅಡ್ಡ ಬಿದ್ದು ಕೆರೆಯಾಯಿತು. ಚೀನಾ ಭಾರತಕ್ಕೆ ಸುದ್ದಿ ಕೊಟ್ಟಿತು. ನಮ್ಮ ಉಪಗ್ರಹಗಳೂ ಕಾದು ನೋಡಿದವು. 2005ರ ಜೂನ್‌ನಲ್ಲಿ ಅದು ಒಡೆದು ಹಿಮಾಚಲದ ಸಟ್ಲೆಜ್ ಕಣಿವೆಯಲ್ಲಿ ರಸ್ತೆ, ಸೇತುವೆಗಳನ್ನು ಕೊಚ್ಚಿಕೊಂಡು ಹೋದಾಗ ತೀರದ ಜನರನ್ನು ಎತ್ತರದ ಜಾಗಗಳಿಗೆ ಸಾಗಿಸಲಾಗಿತ್ತು. ಅದೇ 2017ರಲ್ಲಿ, ಡೋಕ್ಲಾಮ್ ಬಿಕ್ಕಟ್ಟಿನ ವರ್ಷ, ಬ್ರಹ್ಮಪುತ್ರದ ಮಳೆಗಾಲದ ಅಂಕಿಗಳು ಚೀನಾದಿಂದ ಭಾರತಕ್ಕೆ ಬರಲಿಲ್ಲ. ಮರುವರ್ಷ ಮತ್ತೆ ಬಂದವು. ನಮ್ಮ ದೇಶವೂ ಗಂಗಾ, ಬ್ರಹ್ಮಪುತ್ರ, ಸಿಂಧೂ ಕಣಿವೆಗಳ ಹರಿವಿನ ಅಂಕಿಗಳನ್ನು ದೀರ್ಘಕಾಲದಿಂದ ಗೋಪ್ಯವೆಂದೇ ಇಟ್ಟುಕೊಂಡು ಬಂದಿದೆ ಎಂಬುದನ್ನೂ ಹೇಳಬೇಕು. ಭದ್ರತೆಯ ಕಾರಣ ನನಗೆ ಅರ್ಥವಾಗುತ್ತದೆ. ಆದರೂ ಪ್ರವಾಹದ ನೀರಿನ ಮಟ್ಟ ಯಾವ ದೇಶದ ಗುಟ್ಟೂ ಆಗಬಾರದು ಎಂದು ನನ್ನ ಅನಿಸಿಕೆ.

ಇನ್ನು ಗ್ರಂಥಾಲಯದ ವಿಷಯ. 1972ರ ಸ್ಟಾಕ್‌ಹೋಮ್ ಸಮ್ಮೇಳನದ ಫಲವಾಗಿ ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮವು ನೈರೋಬಿಯಿಂದ 'ಇನ್ಫೋಟೆರಾ' ಎಂಬ ಜಾಲ ನಡೆಸುತ್ತಿತ್ತು. ಯಾವ ಮಾಹಿತಿ ಯಾರ ಬಳಿ ಇದೆ ಎಂದು ಹೇಳುವುದು ಅದರ ಕೆಲಸ, ಊರಿನ ಅಂಚೆಯಣ್ಣನಂತೆ. ಭಾರತದಲ್ಲಿ ಅದರ ಕೊಂಡಿಯಾಗಿದ್ದ 'ಎನ್ವಿಸ್' 1982ರಲ್ಲಿ ಆರಂಭವಾಯಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎನ್ವಿಸ್ ಕೇಂದ್ರ ಪಶ್ಚಿಮ ಘಟ್ಟದ ವಿಷಯಗಳನ್ನು ಕಲೆಹಾಕಿ 'ಸಹ್ಯಾದ್ರಿ' ಹೆಸರಿನ ವಾರ್ತಾಪತ್ರವನ್ನು ಹಂಚಿತು. ಇನ್ಫೋಟೆರಾ ಈಗ ಇಲ್ಲ. ಎನ್ವಿಸ್‌ಗೂ 2022ರಲ್ಲಿ ಹೆಸರು, ಸ್ವರೂಪ ಬದಲಾದವು. ಆದರೆ ಟೊರಾಂಟೊದ ಓಜೋನ್ ಕೇಂದ್ರ ಇನ್ನೂ ನಡೆಯುತ್ತಿದೆ. ಅದರ ಅಂಕಿಗಳನ್ನು ನೀವು ಕಾಲೇಜಿನ ಗಣಕಯಂತ್ರದಲ್ಲೇ ಶುಲ್ಕವಿಲ್ಲದೆ ಇಳಿಸಿಕೊಳ್ಳಬಹುದು. ಅಂಕಿಯ ಜೊತೆಗೆ ಉಪಕರಣದ ಸಂಖ್ಯೆ, ಸ್ಥಳ, ಎತ್ತರ, ವೇಳೆ ಎಲ್ಲವೂ ಇರುತ್ತವೆ. ಅವನ್ನು ಬಿಟ್ಟು ಬರೀ ಅಂಕಿ ನೋಡಬೇಡಿ. ಕೊಡೈಕನಾಲ್ ಮತ್ತು ಹ್ಯಾಲಿಯ ಅಕ್ಟೋಬರ್ ಅಂಕಿಗಳನ್ನು ಅಕ್ಕಪಕ್ಕ ಇಟ್ಟು ಒಂದು ನಕ್ಷೆ ಬರೆದು ನೋಡಿ. ಸಮಭಾಜಕಕ್ಕೆ ಹತ್ತಿರದ ನಮ್ಮ ಆಕಾಶಕ್ಕೂ ಧ್ರುವದ ಆಕಾಶಕ್ಕೂ ಇರುವ ಅಂತರ ನಿಮಗೇ ಕಾಣುತ್ತದೆ.

ಅಂದ ಹಾಗೆ, ಕಳೆದುಹೋದ ಆ ಪುಟ ನನಗೆ ಹಲವು ವರ್ಷಗಳ ಮೇಲೆ ಸಿಕ್ಕಿತು. ಓಜೋನಿನ ಗೆರೆ ಕೆಳಗಿಳಿಯುತ್ತ ಹೋಗಿತ್ತು. ಅದರ ಜೊತೆಯಲ್ಲೇ ಏರುತ್ತಿದ್ದ ಸಿ.ಎಫ್.ಸಿ.ಗಳ ಅಳತೆಯನ್ನು ಫಾರ್ಮನ್ ಮತ್ತು ಸಂಗಡಿಗರು ಬೇಕೆಂದೇ ತಲೆಕೆಳಗಾಗಿ ಬರೆದಿದ್ದರು. ಎರಡೂ ಒಂದನ್ನೊಂದು ಹಿಂಬಾಲಿಸುತ್ತ ಇಳಿಯುತ್ತಿದ್ದವು. ನಮ್ಮ ಕಾರ್ಯಕ್ರಮದಲ್ಲಿ ತೋರಿಸಲು ನನಗೆ ಕೊನೆಗೂ ಒಂದು ಚಿತ್ರ ಸಿಕ್ಕಿತ್ತು.