ಸೋಲಿಗೆ ಹೆದರದೆ ನಿಲ್ಲಿ

ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್.ಪೇಟೆ, ನಾಗಮಂಗಲದ ತಮ್ಮಂದಿರೇ, ತಂಗಿಯರೇ, 'ದುಡ್ಡಿಲ್ಲದವರಿಗೆ ರಾಜಕೀಯ ಆಗಿಬರಲ್ಲ' ಅನ್ನುವ ಮಾತು ಟೀ ಅಂಗಡಿಯಲ್ಲಿ ದಿನಾ ನಿಮ್ಮ ಕಿವಿಗೆ ಬೀಳುತ್ತದೆ. ನಂಬಬೇಡಿ. ಅದನ್ನು ಸುಳ್ಳು ಮಾಡಿದವರು ನಿಮ್ಮ ಪಕ್ಕದೂರಿನವರೇ.

ಪಾಂಡವಪುರ ತಾಲ್ಲೂಕು ಕ್ಯಾತನಹಳ್ಳಿಯ ಕೆ.ಎಸ್.ಪುಟ್ಟಣ್ಣಯ್ಯ ರೈತ ಸಂಘದ ಹಸಿರು ಶಾಲು ಹೊದ್ದು ಬಂದವರು. 1994ರಲ್ಲಿ ಪಾಂಡವಪುರದಿಂದ ಶಾಸಕರಾದರು. ಮತ್ತೆ ಗೆದ್ದದ್ದು 2013ರಲ್ಲಿ, ಮೇಲುಕೋಟೆಯಿಂದ. ನಡುವೆ 19 ವರ್ಷ! ಅಷ್ಟೂ ಕಾಲ ಅವರು ಮನೆ ಹಿಡಿದು ಕೂರಲಿಲ್ಲ. ಕಬ್ಬಿನ ಬಾಕಿ, ನಾಲೆ ನೀರು, ಬೆಳೆಗೆ ಬೆಲೆ ಎಂದು ರೈತರ ಜೊತೆ ಬೀದಿಯಲ್ಲೇ ಇದ್ದರು. ಅವರನ್ನು ನಾಯಕರನ್ನಾಗಿ ಮಾಡಿದ್ದು ಅಧಿಕಾರವಿಲ್ಲದ ಆ ವರ್ಷಗಳೇ ಎಂದು ನಾನು ಗಟ್ಟಿಯಾಗಿ ನಂಬಿದ್ದೇನೆ. 2018ರ ಫೆಬ್ರುವರಿಯಲ್ಲಿ ಮಂಡ್ಯದಲ್ಲಿ ಕಬಡ್ಡಿ ಪಂದ್ಯ ನೋಡುತ್ತಿದ್ದಾಗ ಹೃದಯಾಘಾತವಾಗಿ ತೀರಿಕೊಂಡರು. ಅಮೆರಿಕದಲ್ಲಿ ಉದ್ಯಮ ನಡೆಸುತ್ತಿದ್ದ ಮಗ ದರ್ಶನ್ ಅದೇ ವರ್ಷ ಬಂದು ನಿಂತರು, ಸೋತರು, 2023ರಲ್ಲಿ ಗೆದ್ದರು.

ಅದೇ ಅಮೆರಿಕದ ಅಬ್ರಹಾಂ ಲಿಂಕನ್ ಮೊದಲ ಚುನಾವಣೆಗೆ ನಿಂತಾಗ ಅವರಿಗೆ ಬರೀ 23 ವರ್ಷ. 1832ರ ಆ ಚುನಾವಣೆ ಕೈಹಿಡಿಯಲಿಲ್ಲ. ಆದರೆ ಅವರು ವಾಸವಿದ್ದ ನ್ಯೂ ಸೇಲಂನ 300 ಮತದಲ್ಲಿ 277 ಅವರಿಗೇ ಬಿದ್ದಿದ್ದವು. ದಿನಾ ಕಂಡು ಮಾತಾಡಿಸಿದ ಜನ ಕೈಬಿಟ್ಟಿರಲಿಲ್ಲ. ಎರಡೇ ವರ್ಷಕ್ಕೆ ರಾಜ್ಯದ ಶಾಸನಸಭೆ ಸೇರಿದರು. 1858ರಲ್ಲಿ ಸೆನೆಟ್ ಮತ್ತೆ ಕೈತಪ್ಪಿತು, 1860ರಲ್ಲಿ ಅಧ್ಯಕ್ಷರಾಗಿ ಆಯ್ಕೆಯಾದರು. ಮರುವರ್ಷವೇ ಅಂತರ್ಯುದ್ಧ. ದೇಶ ಇಬ್ಭಾಗವಾಗಿ ಹೊಡೆದಾಡುತ್ತಿದ್ದ 1862ರಲ್ಲೂ ಕೃಷಿ ಕಾಲೇಜುಗಳಿಗೆ ಜಮೀನು ಕೊಡುವ ಕಾಯ್ದೆಗೆ ಸಹಿ ಹಾಕಿದರು. ಆ ಕಾಲೇಜುಗಳ ಮಾದರಿಯಲ್ಲೇ 1964ರಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ ಹುಟ್ಟಿತು, ನಮ್ಮ ಮಂಡ್ಯದ ವಿ.ಸಿ.ಫಾರಂ ಅದರ ಅಡಿಯಲ್ಲಿ ಬೆಳೆಯಿತು. ಯುದ್ಧಕಾಲದಲ್ಲಿ ಹಾಕಿದ ಒಂದು ಸಹಿ ಅಲ್ಲಿಂದ ನಮ್ಮ ಭತ್ತದ ಗದ್ದೆಯವರೆಗೂ ಬಂದಿದೆ. ರಾಜಕೀಯದಿಂದ ಏನಾಗುತ್ತೆ ಎಂದು ಕೇಳುವವರಿಗೆ ಇದನ್ನು ಹೇಳಿ.

ಗ್ರಾಮ ಪಂಚಾಯಿತಿಗೆ ನಿಲ್ಲಲು 21 ವರ್ಷ ತುಂಬಿದ್ದರೆ ಸಾಕು. ಲಿಂಕನ್‌ಗಿಂತ ಎರಡು ವರ್ಷ ಮೊದಲೇ ನಿಮಗೆ ಬಾಗಿಲು ತೆರೆದಿದೆ. ತಂಗಿಯರೇ, ಪಂಚಾಯಿತಿಯ ಅರ್ಧ ಸ್ಥಾನ ನಿಮ್ಮವು. ಗೆದ್ದ ಮೇಲೆ ಗಂಡನೋ ಅಣ್ಣನೋ ಬಂದು ನಿಮ್ಮ ಕುರ್ಚಿಯಲ್ಲಿ ಕೂರಲು ಬಿಡಬೇಡಿ.

ಚುನಾವಣೆ ಬರಲಿ ಎಂದು ಕಾಯಲೂ ಬೇಡಿ. ಊರಿನ ಮುಂದಿನ ಗ್ರಾಮಸಭೆ ಯಾವತ್ತು ಎಂದು ಪಿಡಿಒ ಅವರನ್ನು ಕೇಳಿ, ಗೆಳೆಯರನ್ನು ಕಟ್ಟಿಕೊಂಡು ಹೋಗಿ. ಈ ವರ್ಷದ ಕ್ರಿಯಾ ಯೋಜನೆ ಓದಿಸಿ. ನಿಮ್ಮ ಬೀದಿಯ ಚರಂಡಿ, ಶಾಲೆಯ ಶೌಚಾಲಯ, ಕೆರೆಯ ಹೂಳು ಅದರಲ್ಲಿ ಇದೆಯಾ ನೋಡಿ. ಇಲ್ಲದಿದ್ದರೆ ಎದ್ದು ನಿಂತು ಕೇಳಿ, ಕೇಳಿದ್ದನ್ನು ನಡಾವಳಿಯಲ್ಲಿ ಬರೆಸಿ, ಆಮೇಲೆ ಸಹಿ ಹಾಕಿ.