ಮಸೂದೆ ಎಲ್ಲಿ ನಿಂತಿದೆ?

(ಪಟ್ಟಣವೊಂದರ ವಾರದ ಅಧ್ಯಯನ ಕೂಟದಲ್ಲಿ ಮಾಡಿದ ಭಾಷಣ)



ದಿಲ್ಲಿಯ ರಾಜಕೀಯದ ಕುರಿತು ನಾವು ಗಂಟೆಗಟ್ಟಲೆ ಚರ್ಚಿಸುತ್ತೇವೆ. ಆದರೆ ನಮ್ಮ ಬೀದಿಯ ಪೊಲೀಸ್ ಠಾಣೆ, ಸರಕಾರಿ ಆಸ್ಪತ್ರೆ, ಜಮೀನಿನ ಪಹಣಿ, ಪುರಸಭೆ ಇವೆಲ್ಲವೂ ಸಂವಿಧಾನದ ರಾಜ್ಯ ಪಟ್ಟಿಗೆ ಸೇರಿದವು. ಶಿಕ್ಷಣವೂ 1976ರ 42ನೇ ತಿದ್ದುಪಡಿಯ ತನಕ ಅದೇ ಪಟ್ಟಿಯಲ್ಲಿತ್ತು. ನಮ್ಮ ಮನೆಬಾಗಿಲಿಗೆ ಬರುವ ಕಾನೂನು ಹುಟ್ಟುವುದು ಹೆಚ್ಚಾಗಿ ವಿಧಾನಮಂಡಲದಲ್ಲಿ. ಹೀಗಿರುವಾಗ ಆ ಸದನದ ಮಾತಿಗೆ ಎಷ್ಟು ಬೆಲೆಯಿದೆ ಎಂದು ನಾವು ಕೇಳಬೇಡವೇ?

ಈ ಪ್ರಶ್ನೆಗೂ ಕರ್ನಾಟಕಕ್ಕೂ ಹಳೆಯ ನಂಟಿದೆ. 1989ರ ಎಪ್ರಿಲ್‌ನಲ್ಲಿ ಮುಖ್ಯಮಂತ್ರಿ ಎಸ್.ಆರ್. ಬೊಮ್ಮಾಯಿಯವರು ಸದನದಲ್ಲಿ ಬಹುಮತ ಸಾಬೀತುಪಡಿಸಲು ಸಿದ್ಧರಿದ್ದರು. ಅದಕ್ಕೆ ಅವಕಾಶ ನೀಡದೆ 356ನೇ ವಿಧಿಯಡಿ ಸರಕಾರವನ್ನು ವಜಾಗೊಳಿಸಲಾಯಿತು. 1994ರ ಮಾರ್ಚ್ 11ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಾಧೀಶರ ಪೀಠವು ಆ ಕ್ರಮವನ್ನು ಅಸಾಂವಿಧಾನಿಕವೆಂದಿತು. ಬಹುಮತದ ಪರೀಕ್ಷೆ ನಡೆಯಬೇಕಾದುದು ಸದನದಲ್ಲೇ ಹೊರತು ರಾಜಭವನದಲ್ಲಲ್ಲ ಎಂದು ಸಾರಿತು. ಜಾತ್ಯತೀತತೆಯು ಸಂವಿಧಾನದ ಮೂಲರಚನೆಯ ಭಾಗವೆಂದು ಹೇಳಿದ್ದೂ ಅದೇ ತೀರ್ಪು. ಆದರೆ ಉರುಳಿದ ಸರಕಾರ ಮರಳಿ ಬರಲಿಲ್ಲ. ತಡವಾಗಿ ಬಂದ ನ್ಯಾಯದ ಮಿತಿ ಅದು.

ಇಂದು ಸರಕಾರವನ್ನು ಉರುಳಿಸುವುದು ಅಷ್ಟು ಸುಲಭವಲ್ಲ. ಆದರೆ ಸರಕಾರದ ಮಸೂದೆಯನ್ನು ನಿಲ್ಲಿಸಬಹುದು. 200ನೇ ವಿಧಿಯಂತೆ ರಾಜ್ಯಪಾಲರು ಮಸೂದೆಗೆ ಅಂಕಿತ ಹಾಕಬಹುದು, ತಡೆಹಿಡಿದು ಮರುಪರಿಶೀಲನೆಗೆ ಸದನಕ್ಕೆ ಹಿಂದಿರುಗಿಸಬಹುದು, ಇಲ್ಲವೇ ರಾಷ್ಟ್ರಪತಿಗಳ ಪರಿಶೀಲನೆಗೆ ಕಾಯ್ದಿರಿಸಬಹುದು. ಹಿಂದಿರುಗಿಸುವುದಾದರೆ 'ಸಾಧ್ಯವಾದಷ್ಟು ಬೇಗ' ಎನ್ನುತ್ತದೆ ಸಂವಿಧಾನ. ಎಷ್ಟು ದಿನವೆಂದು ಹೇಳುವುದಿಲ್ಲ. ವಿವಾದವೆಲ್ಲ ಇರುವುದು ಈ ಮೌನದಲ್ಲಿ.

ತಮಿಳುನಾಡಿನಲ್ಲಿ 2020ರಿಂದೀಚೆಗಿನ ಹತ್ತು ಮಸೂದೆಗಳು ಹೀಗೆ ಸಿಲುಕಿದವು. 2023ರ ನವೆಂಬರ್‌ನಲ್ಲಿ ಸದನ ಅವನ್ನು ಪುನಃ ಅಂಗೀಕರಿಸಿದ ಬಳಿಕ ರಾಜ್ಯಪಾಲರು ರಾಷ್ಟ್ರಪತಿಗಳಿಗೆ ಕಳುಹಿಸಿದರು. 2025ರ ಎಪ್ರಿಲ್ 8ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಾಧೀಶರ ಪೀಠವು ಅಂಕಿತ ದೊರೆತಿದೆಯೆಂದೇ ಭಾವಿಸಬೇಕೆಂದು ತೀರ್ಪಿತ್ತು, ಕಾಲಮಿತಿಯನ್ನೂ ವಿಧಿಸಿತು. ರಾಷ್ಟ್ರಪತಿಗಳು 14 ಪ್ರಶ್ನೆಗಳನ್ನು ನ್ಯಾಯಾಲಯದ ಮುಂದಿಟ್ಟಾಗ ಐವರು ನ್ಯಾಯಾಧೀಶರ ಪೀಠವು 2025ರ ನವೆಂಬರ್ 20ರಂದು ಬೇರೆಯೇ ಅಭಿಪ್ರಾಯ ನೀಡಿತು. ನ್ಯಾಯಾಲಯವು ಕಾಲಮಿತಿ ವಿಧಿಸುವಂತಿಲ್ಲ, ಅಂಕಿತ ದೊರೆತಿದೆಯೆಂದು ಭಾವಿಸುವಂತೆಯೂ ಇಲ್ಲ. ಆದರೆ ರಾಜ್ಯಪಾಲರು ಕಾರಣವಿಲ್ಲದೆ ಅನಿರ್ದಿಷ್ಟ ಕಾಲ ಸುಮ್ಮನಿದ್ದರೆ, ನಿರ್ಧಾರ ಕೈಗೊಳ್ಳಿರೆಂದು ನ್ಯಾಯಾಲಯವು ನಿರ್ದೇಶಿಸಬಹುದು.

ನಮ್ಮ ರಾಜ್ಯದ ಉದಾಹರಣೆಯನ್ನೂ ನೋಡೋಣ. ಸರಕಾರಿ ಗುತ್ತಿಗೆಗಳಲ್ಲಿ ಪ್ರವರ್ಗ 2ಬಿಗೆ ಶೇ. 4 ಮೀಸಲಾತಿ ನೀಡುವ ಮಸೂದೆಯು 2025ರ ಮಾರ್ಚ್‌ನಲ್ಲಿ ಅಂಗೀಕಾರವಾಯಿತು. ಧರ್ಮಾಧಾರಿತ ಮೀಸಲಾತಿಗೆ ಸಂವಿಧಾನದಲ್ಲಿ ಅವಕಾಶವಿಲ್ಲವೆಂಬ ಕಾರಣ ನೀಡಿ ಎಪ್ರಿಲ್‌ನಲ್ಲಿ ರಾಜ್ಯಪಾಲರು ಅದನ್ನು ರಾಷ್ಟ್ರಪತಿಗಳಿಗೆ ಕಾಯ್ದಿರಿಸಿದರು. ಹಿಂದುಳಿದಿರುವಿಕೆಯೇ ಇದರ ಆಧಾರವೆಂಬುದು ಸರಕಾರದ ವಾದ. ಕಾಯ್ದಿರಿಸುವುದು ಸಂವಿಧಾನದತ್ತ ಅಧಿಕಾರ. ಅದನ್ನು ನಾವು ಅಲ್ಲಗಳೆಯುವುದಿಲ್ಲ. ರಾಜ್ಯಪಾಲರು ಬರೇ ಸಹಿ ಹಾಕುವ ಯಂತ್ರವೂ ಅಲ್ಲ. ನಮ್ಮ ಬೇಡಿಕೆ ಇಷ್ಟೇ: 'ಹೌದು' ಎನ್ನಲಿ, 'ಅಲ್ಲ' ಎನ್ನಲಿ, ಕಾರಣ ತಿಳಿಸಿ ಸಕಾಲದಲ್ಲಿ ಎನ್ನಲಿ. ಉತ್ತರ ಸಿಕ್ಕರೆ ಅದನ್ನು ಪ್ರಶ್ನಿಸಬಹುದು. ಮೌನವನ್ನು ಪ್ರಶ್ನಿಸುವುದು ಹೇಗೆ?

ಇದು ಒಂದು ಪಕ್ಷದ ಮೇಲಿನ ದೂರಲ್ಲ. 1959ರಲ್ಲಿ ಕೇರಳದ ಇ.ಎಂ.ಎಸ್. ಸರಕಾರವನ್ನೂ 1989ರಲ್ಲಿ ಬೊಮ್ಮಾಯಿ ಸರಕಾರವನ್ನೂ ವಜಾಗೊಳಿಸಿದಾಗ ಕೇಂದ್ರದಲ್ಲಿದ್ದುದು ಕಾಂಗ್ರೆಸ್. ದಿಲ್ಲಿಯಲ್ಲಿ ಯಾರೇ ಕುಳಿತರೂ ರಾಜ್ಯಗಳ ಕೈ ಕಟ್ಟುವ ಆಸೆ ಹುಟ್ಟುತ್ತದೆ.

ಇನ್ನು ನಮ್ಮತ್ತಲೂ ಒಮ್ಮೆ ನೋಡಿಕೊಳ್ಳೋಣ. ಚುನಾವಣೆಯ ದಿನ ಸಾಲಿನಲ್ಲಿ ನಿಲ್ಲುವ ನಮ್ಮಲ್ಲಿ ಎಷ್ಟು ಮಂದಿ ಒಂದು ಮಸೂದೆಯನ್ನಾದರೂ ಓದಿದ್ದೇವೆ? ಮೀಸಲಾತಿಯ ಸುದ್ದಿ ಬಂದಾಗ ಎಚ್ಚರಗೊಳ್ಳುವ ನಾವು ಭೂಮಿ, ಆರೋಗ್ಯ, ಶಾಲೆಯ ಮಸೂದೆಗಳು ಬಂದಾಗ ನಿದ್ರಿಸುವುದೇಕೆ? ಅವು ನಮ್ಮವಲ್ಲವೇ? ಹಕ್ಕು ಕೇಳುವ ಸಮುದಾಯವು ಆ ಹಕ್ಕು ಸಾಗುವ ದಾರಿಯನ್ನೂ ಅರಿತಿರಬೇಕು.

ಆದ್ದರಿಂದ ಮುಂದಿನ ಬಾರಿ ಶಾಸಕರು ನಮ್ಮ ಊರಿಗೆ ಬಂದಾಗ ಹಾರ ಹಾಕಿ ಕಳುಹಿಸಿದರೆ ಸಾಲದು. ಕೈಯಲ್ಲಿ ಒಂದು ಚೀಟಿಯಿರಲಿ. ಅದರಲ್ಲಿ ಒಂದೇ ಪ್ರಶ್ನೆ ಇರಲಿ: ನೀವು ಕೈಯೆತ್ತಿ ಅಂಗೀಕರಿಸಿದ ಮಸೂದೆ ಈಗ ಎಲ್ಲಿ ನಿಂತಿದೆ?