ಅಳೆದು ಹಾಕಿದ ನೀರು
(ವಿದ್ಯಾರ್ಥಿವೇತನ ವಿತರಣಾ ಸಭೆಯಲ್ಲಿ ಸಿವಿಲ್ ಎಂಜಿನಿಯರಿಂಗ್ ವಿದ್ಯಾರ್ಥಿಯ ಮಾತು)

ಟ್ರಸ್ಟಿನ ಹಿರಿಯರೇ, ದಾನಿಗಳೇ, ಪಾಲಕರೇ,

ನಾನು ಮನ್ನಳ್ಳಿಯವನು. ಅಬ್ಬಾ ಗೌಂಡಿ ಕೆಲಸ ಮಾಡುತ್ತಾರೆ. ಈ ವರ್ಷ ಬೀದರಿನಲ್ಲಿ ಒಂದು ಕಟ್ಟಡದ ಕೆಲಸದಲ್ಲಿ ಇಂಟರ್ನ್‌ಶಿಪ್ ಮಾಡಿದೆ. ಸಂಬಳ ಇರಲಿಲ್ಲ. ಬಸ್ಸಿಗೂ ಊಟಕ್ಕೂ ನೀವು ಕೊಟ್ಟ ವಿದ್ಯಾರ್ಥಿವೇತನವೇ ಆಧಾರವಾಯಿತು.

ಅಲ್ಲಿ ಕಾಂಕ್ರೀಟ್ ಸುಲಭವಾಗಿ ಹರಿಯಲಿ ಎಂದು ಮಿಕ್ಸರಿಗೆ ಮತ್ತೆ ಮತ್ತೆ ನೀರು ಹಾಕುತ್ತಿದ್ದರು. ಹೆಚ್ಚಾದ ನೀರು ಆರಿಹೋದ ಜಾಗದಲ್ಲಿ ಸಣ್ಣ ರಂಧ್ರಗಳು ಉಳಿದು ಕಾಂಕ್ರೀಟಿನ ಬಲ ಕುಗ್ಗುತ್ತದೆ ಎಂದು ಓದಿದ್ದೆ. ಆದರೂ ಸುಮ್ಮನಿದ್ದೆ, ನನ್ನ ಪ್ರಮಾಣಪತ್ರ ಅವರ ಕೈಯಲ್ಲಿತ್ತು. ರಾತ್ರಿ ಅಬ್ಬಾಗೆ ಹೇಳಿದೆ. "ಆ ಛತ್ತಿನ ಕೆಳಗೆ ಯಾರೋ ಮಲಗುತ್ತಾರಲ್ಲ, ಬೇಟಾ" ಎಂದರು.

ಮರುದಿನ ಸೈಟ್ ಎಂಜಿನಿಯರಿಗೆ ತಿಳಿಸಿದೆ. ಅವರು ಸಿಟ್ಟಾಗಲಿಲ್ಲ. 300 ಮಿ.ಮೀ. ಎತ್ತರದ ಸ್ಲಂಪ್ ಕೋನ್ ತರಿಸಿ ನನ್ನಿಂದಲೇ ಪರೀಕ್ಷೆ ಮಾಡಿಸಿದರು. ಕೋನ್ ಎತ್ತಿದ ಕೂಡಲೇ ಕಾಂಕ್ರೀಟ್ ಕುಸಿದು ಹರಡಿತು. ಅಂದಿನಿಂದ ನೀರನ್ನು ಅಳೆದು ಹಾಕಿದರು. 150 ಮಿ.ಮೀ. ಕ್ಯೂಬ್‌ಗಳನ್ನು 28 ದಿನ ನೀರಲ್ಲಿಟ್ಟು ಒಡೆದು ಬಲ ನೋಡುವುದನ್ನೂ ಕಲಿತೆ. ಆದರೆ ನಾನು ಸುಮ್ಮನಿದ್ದ ದಿನದ ಕಾಂಕ್ರೀಟ್ ಹಾಗೇ ಇದೆ. ಅದು ಮನಸ್ಸಿನಿಂದ ಹೋಗುವುದಿಲ್ಲ.

ದಾನಿಗಳಲ್ಲಿ ಒಂದು ವಿನಂತಿ: ಕಾಲೇಜು ಶುಲ್ಕದ ಜೊತೆಗೆ ಇಂಟರ್ನ್‌ಶಿಪ್ ಕಾಲದ ಖರ್ಚನ್ನೂ ಪರಿಗಣಿಸಿ. ತಮ್ಮ ತಂಗಿಯರೇ, ತಪ್ಪು ಕಂಡ ದಿನವೇ ಕೇಳಿ.